ನಾಯಿ, ಬೆಕ್ಕಿನ ಮೂತ್ರ ಪರೀಕ್ಷೆಗೆ ಹಿಡಿಯುವ ಬಗೆ

"ನಾಳೆ ಇದರ ಮೂತ್ರ ತಗೊಂಡು ಬನ್ನಿ" ಅಂತ ಪಶುವೈದ್ಯರು ಹೇಳಿದರೆ ಗಾಬರಿಯಾಗಬೇಡಿ. ನೋವು ಎಲ್ಲಿ ಅಂತ ಬಾಯಿಬಿಟ್ಟು ಹೇಳಲಾಗದ ಜೀವಗಳಿವು. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಮೂತ್ರಕೋಶದ ಸೋಂಕು, ಎಲ್ಲದರ ಸುಳಿವೂ ಮೂತ್ರದಲ್ಲಿ ಸಿಗುತ್ತದೆ. ಐದು ಮಿಲಿಲೀಟರ್ ಸಿಕ್ಕರೂ ಸಾಮಾನ್ಯ ಪರೀಕ್ಷೆಗೆ ಸಾಕು.

ಹಿಂದಿನ ದಿನವೇ ಮೆಡಿಕಲ್ ಶಾಪಿನಿಂದ ಮುಚ್ಚಳ ಇರುವ ಹೊಸ ಯೂರಿನ್ ಡಬ್ಬಿ ತಂದಿಡಿ. ಮನೆಯ ಹಳೇ ಬಾಟಲಿ ಖಂಡಿತ ಬೇಡ. ಜಾಮ್ ಬಾಟಲಿಯಲ್ಲಿ ಒಂಚೂರು ಸಿಹಿ ಉಳಿದಿದ್ದರೂ ಮೂತ್ರದಲ್ಲಿ ಸಕ್ಕರೆ ಇದೆ ಅಂತ ತೋರಿಸಬಹುದು. ಬ್ಲೀಚಿಂಗ್ ಪುಡಿಯಲ್ಲಿ ತೊಳೆದ ಪಾತ್ರೆಯಾದರೆ ಇಲ್ಲದ ರಕ್ತವನ್ನೂ ತೋರಿಸುತ್ತದೆ. ಆಮೇಲೆ ಸುಮ್ನೆ ಚಿಂತೆ, ಸುಮ್ನೆ ಔಷಧಿ.

ಬೆಳಗಿನ ಮೊದಲ ಮೂತ್ರವೇ ಒಳ್ಳೆಯದು. ರಾತ್ರಿಯಿಡೀ ನಿಂತು ಗಟ್ಟಿಯಾಗಿರುತ್ತದೆ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಹಾಗಂತ ರಾತ್ರಿ ನೀರಿನ ಬಟ್ಟಲು ಎತ್ತಿಡಬೇಡಿ. ಕಿಡ್ನಿ ಸರಿಯಿಲ್ಲದ ಪ್ರಾಣಿಗೆ ಅದು ಅಪಾಯ.

ಗಂಡು ನಾಯಿಯಾದರೆ ಕೆಲಸ ಸುಲಭ. ಹಗ್ಗ ಗಿಡ್ಡ ಹಿಡಿದು ಪಕ್ಕದಲ್ಲೇ ನಡೆಯಿರಿ. ಕಾಲೆತ್ತಿ ಶುರು ಮಾಡಲಿ, ಮೊದಲ ಹನಿಗಳು ಹೋಗಲಿ, ಆಮೇಲೆ ಉದ್ದ ಹಿಡಿಯ ಸೌಟು ಒಡ್ಡಿ. ಅದು ಕಂಬ ಕಂಬಕ್ಕೂ ಸ್ವಲ್ಪ ಸ್ವಲ್ಪ ಹೊಯ್ಯುತ್ತಾ ಹೋಗುತ್ತದೆ, ಹಾಗಾಗಿ ಮೊದಲ ಕಂಬದಲ್ಲೇ ಹಿಡಿಯಿರಿ. ಹೆಣ್ಣು ನಾಯಿಗೆ ತಾಳ್ಮೆ ಬೇಕು. ಅದು ನೆಲಕ್ಕೆ ತಾಗುವಷ್ಟು ಕೂರುತ್ತದೆ, ಸೌಟು ಹಿಡಿಸುವುದಿಲ್ಲ. ಅಂಚಿರುವ ಚಪ್ಪಟೆ ತಟ್ಟೆಯೊಂದನ್ನು ಹಿಂದಿನಿಂದ ಮೆಲ್ಲಗೆ ಜಾರಿಸಿ, ಅದೂ ಧಾರೆ ಶುರುವಾದ ಮೇಲೆ. ಮೊದಲೇ ಒಡ್ಡಿದರೆ ಎದ್ದು ಹೋಗುತ್ತದೆ. ಅಂಜುವ ನಾಯಿಯಾದರೆ ಆ ತಟ್ಟೆ ಹಿಡಿದುಕೊಂಡೇ ಎರಡು ದಿನ ವಾಕಿಂಗ್ ಹೋಗಿ, ಅದಕ್ಕೆ ರೂಢಿಯಾಗಲಿ. ಹೊಟ್ಟೆ ಮಾತ್ರ ಅಮುಕಬೇಡಿ.

ಬೆಕ್ಕಿನ ಹಿಂದೆ ತಟ್ಟೆ ಹಿಡಿದು ಓಡಿ ಪ್ರಯೋಜನವಿಲ್ಲ. ಅದು ಮಲಮೂತ್ರ ಮಾಡುವ ಟ್ರೇ ಚೆನ್ನಾಗಿ ತೊಳೆದು, ಬಿಸಿನೀರು ಹಾಕಿ ಒಣಗಿಸಿ. ಮರಳಿನ ಬದಲು ತೊಳೆದ ಅಕ್ವೇರಿಯಂ ಕಲ್ಲು ಒಂದು ಹಿಡಿ ಹರಡಿ. ನೀರು ಹೀರದ ಪ್ಲಾಸ್ಟಿಕ್ ಕಾಳು ಪೆಟ್ ಶಾಪಿನಲ್ಲಿ ಸಿಕ್ಕರೆ ಇನ್ನೂ ವಾಸಿ. ರಾತ್ರಿ ಬೆಕ್ಕು ಆ ಟ್ರೇ ಇರುವ ಕೋಣೆಯಲ್ಲೇ ಇರಲಿ, ನೀರೂ ಇರಲಿ, ಮನೆಯ ಬೇರೆ ಬೆಕ್ಕುಗಳು ಅಲ್ಲಿ ಬೇಡ. ಬೆಳಗ್ಗೆ ಸೂಜಿ ತೆಗೆದ ಸಿರಿಂಜಿನಲ್ಲಿ ಎಳೆದು ಡಬ್ಬಿಗೆ ಹಾಕಿ.

ಕೈಗೆ ಗ್ಲೌಸ್ ಹಾಕಲೇಬೇಕು. ಇಲಿಜ್ವರ ನಾಯಿ ಮೂತ್ರದಿಂದಲೂ ಮನುಷ್ಯರಿಗೆ ಬರುತ್ತದೆ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಇನ್ನೂ ಜಾಸ್ತಿ ಎಚ್ಚರ ವಹಿಸಿ. ಹಿಡಿದಾದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆ ಸೌಟು ಮತ್ತೆ ಅಡುಗೆಮನೆಗೆ ಹೋಗುವುದು ಬೇಡ.

ಒಂದು ಗಂಟೆಯೊಳಗೆ ಲ್ಯಾಬ್ ತಲುಪಿಸಿದರೆ ಉತ್ತಮ. ಆಗದಿದ್ದರೆ ಡಬ್ಬಿಯನ್ನು ಕವರಿನಲ್ಲಿ ಸುತ್ತಿ ಫ್ರಿಡ್ಜಿನಲ್ಲಿಡಿ, ಫ್ರೀಜರ್‌ನಲ್ಲಿ ಅಲ್ಲ. ಆ ದಿನವೇ ಕೊಟ್ಟುಬಿಡಿ. ಇಟ್ಟಷ್ಟೂ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಹರಳುಗಳೂ ಹೊಸದಾಗಿ ಕಟ್ಟಬಹುದು. ಹಿಡಿದ ಹೊತ್ತು, ಹಿಡಿದ ರೀತಿ, ಕೊಡುತ್ತಿರುವ ಮಾತ್ರೆ ಎಲ್ಲವನ್ನೂ ವೈದ್ಯರಿಗೆ ತಿಳಿಸಿ. ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಾದರೆ ವೈದ್ಯರೇ ತೆಳುವಾದ ಸೂಜಿಯಿಂದ ಮೂತ್ರಕೋಶದಿಂದ ನೇರವಾಗಿ ತೆಗೆಯುತ್ತಾರೆ. ನೋಡಲು ಭಯವಾದರೂ ಕ್ಷಣದಲ್ಲಿ ಮುಗಿಯುತ್ತದೆ, ಒಪ್ಪಿಕೊಳ್ಳಿ.

ಎರಡು ಸಂದರ್ಭಗಳಲ್ಲಿ ಮಾತ್ರ ಬೆಳಗಿನವರೆಗೆ ಕಾಯಬೇಡಿ. ನಾಯಿಯ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಉಣ್ಣೆ ಕಚ್ಚಿ ಬರುವ ಜ್ವರ ಇರಬಹುದು, ಕೂಡಲೇ ತೋರಿಸಿ. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ, ತಿಣುಕಿದರೂ ಒಂದು ಹನಿ ಬರುತ್ತಿಲ್ಲ ಅಂದರೆ ಮೂತ್ರದ ದಾರಿ ಕಟ್ಟಿದೆ ಅಂತ ತಿಳಿಯಿರಿ. ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಆಗ ಡಬ್ಬಿ ಹುಡುಕಬೇಡಿ, ಮಧ್ಯರಾತ್ರಿಯಾದರೂ ಬೆಕ್ಕನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಡಿ.