ತಯಾರಿಕೆ ನಿಂತುಹೋದ ಡ್ರಮ್ ಹೊದಿಕೆಯನ್ನು ಹುಡುಕಿದ ಬಗೆ

ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಊರು ಬಿಟ್ಟ ಕುಟುಂಬಗಳು ಉಳಿಸಿಹೋದ ಸಾಮಾನುಗಳಲ್ಲಿ ಕ್ಲಬ್ಬಿನ ನೃತ್ಯಸಂಜೆಗಳಿಗೆ ನುಡಿಸುತ್ತಿದ್ದ ವಾದ್ಯಗಳೂ ಇವೆ. ರಾಬರ್ಟ್‌ಸನ್‌ಪೇಟೆಯ ಹಿರಿಯರೊಬ್ಬರು ದುರಸ್ತಿಗೆಂದು ನನಗೆ ಒಪ್ಪಿಸಿದ, ಇಂಗ್ಲೆಂಡಿನ ಪ್ರೀಮಿಯರ್ ಕಂಪನಿಯ 1960ರ ದಶಕದ ಡ್ರಮ್ ಸೆಟ್ ಅಂಥದ್ದೇ. ಮರ, ಲೋಹ ಎರಡೂ ಗಟ್ಟಿಯಾಗಿದ್ದವು. 12 ಅಂಗುಲದ ಟಾಮ್ ಎಂಬ ಚಿಕ್ಕ ಡ್ರಮ್ಮಿಗೆ ಸುತ್ತಿದ್ದ, ಮುತ್ತಿನ ಹೊಳಪಿನ ಹೊದಿಕೆ ಮಾತ್ರ ಕುಗ್ಗಿ, ಜೋಡಣೆಯ ಬಳಿ ಸೀಳಿ, ಅಂಗೈಯಗಲ ಉದುರಿಹೋಗಿತ್ತು.

ಇಂಥ ಕೆಲಸದಲ್ಲಿ ಮೊದಲು ನಿರ್ಧರಿಸಬೇಕಾದದ್ದು ಯಾವ ಬಣ್ಣವನ್ನು ಹುಡುಕಬೇಕೆಂಬುದನ್ನು, ಏಕೆಂದರೆ ಕಣ್ಣಿಗೆ ಕಾಣುವ ಬಣ್ಣವನ್ನು ನಂಬಲಾಗದು. ಹಳೆಯ ಹೊದಿಕೆ ಬೆಳಕಿಗೂ ಹೊಗೆಗೂ ಹಳದಿಗಟ್ಟುತ್ತದೆ. ನೀಲಿಯ ಮೇಲೆ ಆ ಹಳದಿ ಕೂಡಿದರೆ ಹಸಿರಾಗಿ ತೋರುತ್ತದೆ. ಚರ್ಮ ಬಿಗಿಯುವ ಲಗ್ ಒಂದನ್ನು ಬಿಚ್ಚಿದಾಗ, ಅದರ ಅಡಿಯಲ್ಲಿ ಅದೇ ಆಕಾರದ ತಿಳಿನೀಲಿ ಅಚ್ಚು ಹೊಚ್ಚಹೊಸದಾಗಿ ಉಳಿದಿತ್ತು. ಸುತ್ತಲಿನದೆಲ್ಲ ಪಾಚಿ ಹಿಡಿದ ಕಲ್ಲಿನ ಹಸಿರು. ಹಾಗಾದರೆ ಹುಡುಕಬೇಕಾದದ್ದು ನೀಲಿಯನ್ನೋ ಹಸಿರನ್ನೋ? ಸೆಟ್‌ನ ಉಳಿದ ಡ್ರಮ್‌ಗಳು ಹಸಿರಿಗೆ ತಿರುಗಿರುವಾಗ ಒಂದನ್ನು ಮಾತ್ರ ನೀಲಿಯಾಗಿಸಿದರೆ ಅದು ಹೊರಗಿನದೆಂದೇ ಕಾಣುತ್ತದೆ. ಆದ್ದರಿಂದ, ಇಷ್ಟೇ ವಯಸ್ಸಾದ, ಇದೇ ಹೊದಿಕೆಯಿರುವ ಒಂಟಿ ಡ್ರಮ್ಮನ್ನೇ ಹುಡುಕಿ, ಅದರ ಹೊದಿಕೆಯನ್ನು ಬಳಸುವುದೆಂದು ತೀರ್ಮಾನಿಸಿದೆ.

ಹೊಸ ಹಾಳೆಯ ಮಾದರಿಯನ್ನೂ ತರಿಸಿ ನೋಡದೆ ಇರಲಿಲ್ಲ. ಹಳೆಯ ಮುತ್ತಿನ ಹೊದಿಕೆಯನ್ನು ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕಿಗೆ ಮೀನಿನ ಪೊರೆಯಿಂದ ತೆಗೆದ ಹೊಳಪನ್ನು ಬೆರೆಸಿ, ದಪ್ಪ ದಿಮ್ಮಿಯಾಗಿ ಒತ್ತಿ, ಆಮೇಲೆ ತೆಳುವಾಗಿ ಸೀಳಿ ತೆಗೆಯುತ್ತಿದ್ದರು. ಹಾಗಾಗಿ ಅದರ ಅಲೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ, ಡ್ರಮ್ಮನ್ನು ತಿರುಗಿಸಿದಂತೆ ಹೊಳಪಿನ ಆಳವೂ ಬದಲಾಗುತ್ತದೆ. ನನಗೆ ಬಂದ ಮಾದರಿ ಮುದ್ರಿತ ಹಾಳೆ. ಒಂದೇ ಅಲೆ ಗೇಣುಗೇಣಿಗೆ ಮರಳಿ ಬರುತ್ತಿತ್ತು. ದೂರದ ವೇದಿಕೆಗೆ ಸಾಕು, ಹತ್ತಿರದಿಂದ ನೋಡುವವರಿಗೆ ಸಾಲದು.

ಕೋಲಾರ, ಬಂಗಾರಪೇಟೆಗಳಲ್ಲಿ ಚದುರಿಹೋದ ಆರ್ಕೆಸ್ಟ್ರಾ ತಂಡಗಳವರನ್ನು, ಚರ್ಚುಗಳ ಉಗ್ರಾಣ ನೋಡಿಕೊಳ್ಳುವವರನ್ನು, ಬೆಂಗಳೂರಿನ ವಾದ್ಯ ದುರಸ್ತಿಗಾರರನ್ನು ವಿಚಾರಿಸಿದೆ. ಬಣ್ಣದ ಹೆಸರು ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ; ಲಗ್ ಬಿಚ್ಚಿದ ಜಾಗದ ನೀಲಿ, ಪಕ್ಕದ ಹಸಿರು ಎರಡೂ ಕಾಣುವಂತೆ ಹಗಲು ಬೆಳಕಿನಲ್ಲಿ ತೆಗೆದ ಚಿತ್ರವನ್ನು ತೋರಿಸಿದರೆ ತಕ್ಷಣ ತಿಳಿಯುತ್ತಿತ್ತು. ಕೊನೆಗೆ ಒಬ್ಬ ದುರಸ್ತಿಗಾರರ ಅಟ್ಟದಲ್ಲಿ, ಶೆಲ್, ಅಂದರೆ ಮರದ ಒಡಲು, ಬಿರುಕುಬಿಟ್ಟಿದ್ದ 16 ಅಂಗುಲದ ಫ್ಲೋರ್ ಟಾಮ್ (ಕಾಲುಗಳ ಮೇಲೆ ನೆಲದಲ್ಲಿ ನಿಲ್ಲುವ ದೊಡ್ಡ ಡ್ರಮ್) ಸಿಕ್ಕಿತು. ಅದರ ಸುತ್ತಳತೆ 50 ಅಂಗುಲಕ್ಕೆ ತುಸು ಹೆಚ್ಚು, 12 ಅಂಗುಲದ ಟಾಮ್‌ಗೆ ಬೇಕಾದದ್ದು ಸುಮಾರು 38 ಅಂಗುಲ ಮತ್ತು ಜೋಡಣೆಗೆ ಒಂದು ಅಂಗುಲ. ದೊಡ್ಡದರಿಂದ ಚಿಕ್ಕದಕ್ಕೆ ಹೊದಿಸಬಹುದು, ಚಿಕ್ಕದರಿಂದ ದೊಡ್ಡದಕ್ಕೆ ಆಗದು. ಆದ್ದರಿಂದ ಇಂಥ ಹುಡುಕಾಟದಲ್ಲಿ ಬಿರುಕುಬಿಟ್ಟ ದೊಡ್ಡ ಡ್ರಮ್ಮೇ ಒಳ್ಳೆಯ ವ್ಯಾಪಾರ. ಪ್ರೀಮಿಯರ್‌ನ ಆ ಕಾಲದ ಕೆಲವು ಟಾಮ್‌ಗಳು ಹೆಸರಿನ ಅಳತೆಗಿಂತ ತುಸು ದೊಡ್ಡವಾಗಿರುವುದರಿಂದ, ಲೆಕ್ಕವನ್ನಷ್ಟೇ ನಂಬದೆ ಶೆಲ್‌ಗೆ ದಾರ ಸುತ್ತಿ ಅಳೆದೆ.

ಅದರ ಹೊದಿಕೆಯನ್ನು ಬಿಚ್ಚುವ ಮುನ್ನ ಅಂಚನ್ನು ಹೆಬ್ಬೆರಳಿನಿಂದ ಬಿರುಸಾಗಿ ಉಜ್ಜಿ ಮೂಸಿದೆ. ಕರ್ಪೂರದ ವಾಸನೆ ಬಂತು. ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಕೂಡಿಸಿಯೇ ಸೆಲ್ಯುಲಾಯ್ಡ್ ಮಾಡುತ್ತಿದ್ದುದರಿಂದ ಅದು ಖಚಿತ ಗುರುತು. ಹುಳಿ ವಿನೆಗರ್ ವಾಸನೆ ಬಂದಿದ್ದರೆ ಅದು ಅಸಿಟೇಟ್ ಎಂಬ ಬೇರೆ ಪ್ಲಾಸ್ಟಿಕ್. ಈ ಪರೀಕ್ಷೆಯನ್ನು ಯಾರೂ ಬಿಡಬಾರದು, ಏಕೆಂದರೆ ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಅಂಟನ್ನು ಸಡಿಲಿಸಲು ಅನೇಕರು ಹಿಡಿಯುವ ಹೀಟ್ ಗನ್ನನ್ನು ಅದರ ಹತ್ತಿರಕ್ಕೂ ತರಬಾರದು. ನಾನು ತೆಳುವಾದ, ಮೊಂಡು ಅಲಗಿನ ಪಟ್ಟಿಯನ್ನು ಜೋಡಣೆಯ ಕೆಳಗೆ ತೂರಿಸಿ, ಬಿಸಿ ತಾಗಿಸದೆ, ಬೆರಳಗಲ ಬೆರಳಗಲವಾಗಿ ಎಬ್ಬಿಸಿದೆ.

ಹೊಸ ಜಾಗದಲ್ಲಿ ಪೂರ್ತಿ ಅಂಟಿಸದೆ, ಎರಡು ತುದಿಗಳಿಗೆ ಮಾತ್ರ ಸನ್ಮೈಕಾ ಅಂಟಿಸುವ ರಬ್ಬರ್ ಅಂಟನ್ನು ಹಚ್ಚಿ, ಜೋಡಣೆಯನ್ನು ವಾದಕನ ಕಡೆಗೆ ತಿರುಗಿಸಿದೆ. ಫ್ಲೋರ್ ಟಾಮ್‌ನ ಕಾಲುಗಳ ತೂತುಗಳು ಆದಷ್ಟು ಲಗ್‌ಗಳ ಅಡಿಗೆ ಬರುವಂತೆ ಕತ್ತರಿಸಿದ್ದೆ. ಹೊರಗುಳಿದ ಒಂದು ತೂತಿಗೆ, ಮಿಕ್ಕ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿದ ಗಂಜಿಯನ್ನು ತೆಳು ಪದರಗಳಲ್ಲಿ ತುಂಬಿ, ಒಣಗಿದ ಮೇಲೆ ನುಣುಪು ಮರಳುಕಾಗದದಿಂದ ನೀರು ಹಾಕಿ ತಿಕ್ಕಿದೆ. ಅಲ್ಲಿ ಅಲೆ ಇಲ್ಲ, ಬಣ್ಣ ಮಾತ್ರ ಸರಿಯಾಗಿ ಕೂತಿದೆ.