ಇಂಗ್ಲೆಂಡಿನಲ್ಲಿ ಟಿ-ಸೆಲ್ ಲಿಂಫೋಮಾ: ಹೊಸ ಔಷಧ ಸಿಗುವ ದಾರಿ

ಮಂಗಳೂರು, ಉಡುಪಿ ಕಡೆಯಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದವರು ಟಿ-ಸೆಲ್ ಲಿಂಫೋಮಾದ (ಬಿಳಿ ರಕ್ತಕಣಗಳಲ್ಲಿ ಹುಟ್ಟುವ ಒಂದು ಕ್ಯಾನ್ಸರ್, ಇದರಲ್ಲಿ ಹಲವು ಬಗೆಗಳಿವೆ) ಚಿಕಿತ್ಸೆಯ ಬಗ್ಗೆ ಒಂದು ವಿಷಯ ಮೊದಲೇ ತಿಳಿದಿರಬೇಕು. ದುಡ್ಡು ಹೊಂದಿಸಿ ದುಬಾರಿ ಔಷಧ ತರಿಸಿಕೊಳ್ಳುವ ಊರಿನ ಕ್ರಮ ಅಲ್ಲಿನ ಸರಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ಔಷಧ ನಿರ್ಧಾರವಾಗುವುದು ಬಯಾಪ್ಸಿ (ಗಂಟಿನ ಅಂಗಾಂಶ ತೆಗೆದು ಮಾಡುವ ಪರೀಕ್ಷೆ) ವರದಿಯ ಮೇಲೆ.

ಉದಾಹರಣೆಗೆ ಬ್ರೆಂಟುಕ್ಸಿಮ್ಯಾಬ್ ವೆಡೋಟಿನ್. ಇದು ಸಿಡಿ30 ಎಂಬ ಪ್ರೋಟೀನ್ ಇರುವ ಕ್ಯಾನ್ಸರ್ ಜೀವಕೋಶಕ್ಕೆ ಅಂಟಿ, ಒಳಹೊಕ್ಕು ವಿಷ ಬಿಡುತ್ತದೆ. ನಾಲ್ಕು ಔಷಧಗಳ ಹಳೆಯ ಚಾಪ್ (CHOP) ಕೀಮೋದಲ್ಲಿ ವಿನ್‌ಕ್ರಿಸ್ಟಿನ್ ಎಂಬ ಔಷಧದ ಬದಲು ಇದನ್ನು ಸೇರಿಸಿ 452 ಜನರಲ್ಲಿ ನಡೆದ ಪ್ರಯೋಗದಲ್ಲಿ, ಐದು ವರ್ಷದ ನಂತರ ಬದುಕಿದ್ದವರು ಸುಮಾರು 70%. ಚಾಪ್ ಪಡೆದವರಲ್ಲಿ 61%. ಆದರೆ 2020ರಲ್ಲಿ ನೈಸ್ (ಎನ್‌ಎಚ್‌ಎಸ್‌ನಲ್ಲಿ ಯಾವ ಔಷಧ ಕೊಡಬಹುದೆಂದು ಹೇಳುವ ಸಂಸ್ಥೆ) ಮೊದಲ ಚಿಕಿತ್ಸೆಯಾಗಿ ಇದನ್ನು ಒಪ್ಪಿದ್ದು ಸಿಸ್ಟೆಮಿಕ್ ಅನಾಪ್ಲಾಸ್ಟಿಕ್ ಲಾರ್ಜ್ ಸೆಲ್ ಲಿಂಫೋಮಾ ಎಂಬ ಒಂದು ಬಗೆಗೆ ಮಾತ್ರ. ಅಮೆರಿಕದಲ್ಲಿ ಸಿಡಿ30 ಇರುವ ಬೇರೆ ಬಗೆಗಳಿಗೂ 2018ರಿಂದ ಅನುಮತಿಯಿದೆ. ಹಾಗಾಗಿ ಅಮೆರಿಕದ ನೆಂಟರ ಮಾತು ಇಂಗ್ಲೆಂಡಿಗೆ ಹೊಂದಲಿಕ್ಕಿಲ್ಲ. ಬೇರೆ ಬಗೆಯಾದರೆ ಕೀಮೋ ಶುರುವಾಗುವ ಮೊದಲೇ ಕ್ಲಿನಿಕಲ್ ಟ್ರಯಲ್ (ಹೊಸ ಔಷಧದ ಪ್ರಯೋಗ) ಇದೆಯೇ ಎಂದು ಕೇಳಿ. ಕೀಮೋದ ಒಂದು ಸುತ್ತು ಮುಗಿದರೆ ಹಲವು ಟ್ರಯಲ್‌ಗಳ ಬಾಗಿಲು ಮುಚ್ಚುತ್ತದೆ.

ಬ್ರೆಂಟುಕ್ಸಿಮ್ಯಾಬ್ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 1.8 ಮಿಲಿಗ್ರಾಂ, 21 ದಿನಕ್ಕೊಮ್ಮೆ, 6ರಿಂದ 8 ಸಲ. ಬೆರಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕಲು ಕಷ್ಟವಾದರೆ ಸಹಿಸಿಕೊಂಡಿರಬೇಡಿ, ನರ್ಸಿಗೆ ಹೇಳಿ. ಪ್ರಮಾಣ ಇಳಿಸಬೇಕಾಗಬಹುದು.

ಗಂಟು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇದ್ದರೆ ಜಿಪಿಯಲ್ಲಿ (ನೀವು ನೋಂದಾಯಿಸಿಕೊಂಡ ಸ್ಥಳೀಯ ವೈದ್ಯರು) ತುರ್ತು ಕ್ಯಾನ್ಸರ್ ರೆಫರಲ್ ಕೇಳಿ. ರೆಫರಲ್ ಆದ 28 ದಿನದೊಳಗೆ ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಸಬೇಕು, 62 ದಿನದೊಳಗೆ ಚಿಕಿತ್ಸೆ ಶುರುವಾಗಬೇಕು ಎಂಬುದು ಅಲ್ಲಿನ ಗುರಿ. ಈ ರೋಗ ಅಷ್ಟು ಕಾಯುವುದಿಲ್ಲ. ಗಂಟು ಬೇಗ ಬೆಳೆದರೆ ಮತ್ತೆ ಫೋನ್ ಮಾಡಿ.

ಊರಿನಲ್ಲೇ ಬಯಾಪ್ಸಿ ಆಗಿದ್ದರೆ ವರದಿಯ ಕಾಗದ ಸಾಲದು. ಅಂಗಾಂಶ ಹುದುಗಿರುವ ಮೇಣದ ಬ್ಲಾಕನ್ನು ಪೆಥಾಲಜಿ ವಿಭಾಗಕ್ಕೆ ಅರ್ಜಿ ಕೊಟ್ಟು ಪಡೆಯಿರಿ, ಪೆಟ್-ಸಿಟಿ ಸ್ಕ್ಯಾನಿನ ಡಿಸ್ಕನ್ನೂ. ಮೇ ತಿಂಗಳ ಸೆಕೆಯಲ್ಲಿ ಬ್ಲಾಕನ್ನು ಕಾರಿನೊಳಗೆ ಬಿಡಬೇಡಿ. ಬರೀ ಸೂಜಿ ಚುಚ್ಚಿ ತೆಗೆದ ಕಣಗಳಿಂದ ಲಿಂಫೋಮಾದ ಬಗೆ ಗೊತ್ತಾಗುವುದು ಕಷ್ಟ. ಸಾಧ್ಯವಿದ್ದರೆ ಇಡೀ ಗಂಟನ್ನೇ ತೆಗೆಸಿ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಆಸ್ಪತ್ರೆ ಚಿಕಿತ್ಸೆ ಉಚಿತವಲ್ಲ, ಎನ್‌ಎಚ್‌ಎಸ್ ದರದ 150% ಬಿಲ್ ಬರುತ್ತದೆ. ಅವರಿಗೆ ಮಂಗಳೂರು ಅಥವಾ ಮಣಿಪಾಲದಲ್ಲೇ ಚಿಕಿತ್ಸೆ ಮಾಡಿಸುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ. ವೀಸಾ ಅರ್ಜಿಯ ಜೊತೆ ಹೆಲ್ತ್ ಸರ್‌ಚಾರ್ಜ್ (ಆರೋಗ್ಯ ಶುಲ್ಕ) ಕಟ್ಟಿದವರಿಗೆ ಈ ಬಿಲ್ ಇಲ್ಲ. ಔಷಧ ಶುಲ್ಕ ವಿನಾಯಿತಿಯ ಎಫ್‌ಪಿ92ಎ ಫಾರಂ ತುಂಬಿದರೆ ಮಾತ್ರೆಗಳೂ ಐದು ವರ್ಷ ಉಚಿತ.

ಕೀಮೋ ನಡೆಯುವಾಗ 38 ಡಿಗ್ರಿ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ, ಜ್ವರ ಮುಚ್ಚಿಹೋಗುತ್ತದೆ. ಆಸ್ಪತ್ರೆ ಕೊಟ್ಟ ಅಲರ್ಟ್ ಕಾರ್ಡಿನಲ್ಲಿರುವ 24 ಗಂಟೆಯ ನಂಬರಿಗೆ ಆಗಲೇ ಕರೆ ಮಾಡಿ. ಊರಿನಿಂದ ಬಂದ ಅಮೃತಬಳ್ಳಿ ಕಷಾಯವನ್ನು ದೂರವಿಡಿ; ಅದರಿಂದ ಲಿವರ್ ಕೆಟ್ಟ ಪ್ರಕರಣಗಳು ದಾಖಲಾಗಿವೆ, ಬ್ರೆಂಟುಕ್ಸಿಮ್ಯಾಬ್ ಕೂಡ ಲಿವರ್ ಮೇಲೆ ಭಾರ ಹಾಕುವಂಥದ್ದೇ.