ಶಾಲೆ ಬಿಟ್ಟ ಮೇಲಿನ ಮಕ್ಕಳ ಕೇಂದ್ರ: ತಿಂಡಿ, ಆಟ ಹೇಗಿರಬೇಕು?

ಶಾಲೆ ಮುಗಿದ ನಂತರ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳಲ್ಲಿ ಆರೋಗ್ಯದ ಬಗ್ಗೆ ಉಪನ್ಯಾಸ ಕೊಡುವುದಕ್ಕಿಂತ ಅಲ್ಲಿನ ವೇಳಾಪಟ್ಟಿಯನ್ನು ತಿದ್ದುವುದರಿಂದ ಹೆಚ್ಚು ಪ್ರಯೋಜನವಿದೆ. ದಿನವಿಡೀ ಕುಳಿತು, ಹಸಿದು ಬಂದ ಮಗುವನ್ನು ನೇರವಾಗಿ ಹೋಂವರ್ಕ್‌ಗೆ ಕೂರಿಸುವ ಬದಲು ಮೊದಲು ಕೈ ತೊಳೆಸಿ ನೀರು ಮತ್ತು ಲಘು ತಿಂಡಿ ಕೊಡಿ. ಸ್ವಲ್ಪ ಹೊತ್ತಿನ ಬಳಿಕ ಆಟಕ್ಕೆ ಬಿಡಿ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಬಿರುಸಾಗುವಂತಹ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅದರಲ್ಲಿ ಅರ್ಧದಷ್ಟನ್ನಾದರೂ ಕೇಂದ್ರವೇ ವಹಿಸಿಕೊಳ್ಳಬಹುದು. ಆದರೆ ವೇಳಾಪಟ್ಟಿಯಲ್ಲಿ ಅರ್ಧ ಗಂಟೆ ಆಟವೆಂದು ಬರೆದ ಮಾತ್ರಕ್ಕೆ ಮಗು ಅಷ್ಟು ಹೊತ್ತು ಓಡಿತು ಎಂದು ಭಾವಿಸಬೇಡಿ. ಒಂದು ದಿನ ಯಾವುದಾದರೂ ಒಂದೇ ಮಗುವಿನ ಮೇಲೆ ಕಣ್ಣಿಟ್ಟು, ಅದು ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ಸರದಿಗಾಗಿ ಸಾಲಿನಲ್ಲಿ ನಿಂತಿತು ಎಂದು ಗಡಿಯಾರ ನೋಡಿ ಗುರುತು ಹಾಕಿಕೊಳ್ಳಿ. ಔಟಾದವರು ಹೊರಗೆ ಕೂರಬೇಕಾದ ಆಟಗಳಲ್ಲಿ, ಹೆಚ್ಚು ಓಡಬೇಕಾದ ಮಗುವೇ ಎಲ್ಲರಿಗಿಂತ ಮೊದಲು ಹೊರಬೀಳುತ್ತದೆ. ನಿಯಮವನ್ನು ಕೊಂಚ ಬದಲಿಸಿ: ಔಟಾದವರು ಹತ್ತು ಬಾರಿ ಜಿಗಿದು ಮತ್ತೆ ಒಳಗೆ ಬರಲಿ, ಒಂದೇ ದೊಡ್ಡ ಗುಂಪಿನ ಬದಲು ನಾಲ್ಕೈದು ಜನರ ಚಿಕ್ಕ ಗುಂಪುಗಳಾಗಲಿ, ಪ್ರತಿ ಗುಂಪಿಗೂ ಒಂದೊಂದು ಚೆಂಡಿರಲಿ. ಮೇಲ್ವಿಚಾರಕರು ಮೊಬೈಲ್ ಬದಿಗಿಟ್ಟು ತಾವೂ ಆಡಲಿಳಿದರೆ ಹಿಂಜರಿಯುವ ಮಕ್ಕಳೂ ಸೇರಿಕೊಳ್ಳುತ್ತಾರೆ.

ತಿಂಡಿಯ ವಿಷಯ ಇಷ್ಟು ಜಟಿಲವಲ್ಲ. ನೀರು ಸದಾ ಕೈಗೆಟುಕುವಂತಿರಲಿ, ಸಕ್ಕರೆ ಬೆರೆತ ಪಾನೀಯಗಳು ಕೇಂದ್ರದೊಳಗೆ ಬಾರದಿರಲಿ. ಹಣ್ಣಿನ ರಸಕ್ಕಿಂತ ಹಣ್ಣೇ ಮೇಲು. ಹಿಂಡಿದ ರಸದಲ್ಲಿನ ಸಕ್ಕರೆಯನ್ನೂ ಮಿತಿಗೊಳಿಸಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಲಾಗುತ್ತದೆ. ಇಡೀ ಹಣ್ಣನ್ನು ಮುಟ್ಟದ ಮಗು ಅದನ್ನೇ ಹೋಳು ಮಾಡಿಟ್ಟರೆ ಸಲೀಸಾಗಿ ತಿನ್ನುವುದುಂಟು. ಹೊಸ ತರಕಾರಿಯನ್ನು ಮೊದಲ ದಿನ ಉಗುಳಿದರೆ ಅದನ್ನು ಪಟ್ಟಿಯಿಂದ ತೆಗೆದುಹಾಕಬೇಡಿ. ರುಚಿ ಹಿಡಿಯಲು ಹತ್ತಾರು ಸಲ ಬಡಿಸಬೇಕಾಗಬಹುದು, ಒತ್ತಾಯ ಮಾತ್ರ ಕೂಡದು.

ಸಿಹಿತಿಂಡಿಯನ್ನು ಬಹುಮಾನವಾಗಿ, ಮೈದಾನ ಸುತ್ತುವುದನ್ನು ಶಿಕ್ಷೆಯಾಗಿ ಬಳಸುವ ರೂಢಿಯನ್ನು ಇಂದೇ ನಿಲ್ಲಿಸಬೇಕು. ಮಕ್ಕಳ ತೂಕದ ಬಗ್ಗೆ ಎಲ್ಲರೆದುರು ಮಾತನಾಡುವುದಂತೂ ಸಲ್ಲದು. ವಾರದ ತಿಂಡಿಪಟ್ಟಿಯನ್ನು ಪೋಷಕರಿಗೆ ಮುಂಚಿತವಾಗಿ ಕಳುಹಿಸಿ, ಯಾವ ಮಗುವಿಗೆ ಯಾವ ಆಹಾರದಿಂದ ಅಲರ್ಜಿ ಇದೆ ಎಂಬುದನ್ನು ಬರವಣಿಗೆಯಲ್ಲಿ ಪಡೆದು, ಬಡಿಸುವವರ ಕಣ್ಣಿಗೆ ಬೀಳುವ ಕಡೆ ಅಂಟಿಸಿಡಿ.